ಮನೆಯ ಚಾಪೆಯೂ ಗುರುವಿನ ಕಣ್ಣೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಸ್ತ್ರೀಯರಿಗೆ ಮೈ ಬಗ್ಗಿಸುವ ಕೆಲಸಕ್ಕೆ ಕೊರತೆಯಿಲ್ಲ. ಅರಿಶಿನದ ಹೊಲದಲ್ಲಿ ಕಳೆ ತೆಗೆಯಬೇಕು, ಚೆಂಡುಹೂವು ಬಿಡಿಸಬೇಕು, ರೇಷ್ಮೆಹುಳುವಿಗೆ ಸೊಪ್ಪು ಹಾಕಬೇಕು. ಇಷ್ಟು ದುಡಿಯುವವರಿಗೆ ವ್ಯಾಯಾಮವೇಕೆಂದು ಹಿರಿಯರು ಕೇಳುವುದುಂಟು. ಆದರೆ ದುಡಿಮೆಯಲ್ಲಿ ದೇಹವು ದಿನವೆಲ್ಲ ಒಂದೇ ಕಡೆಗೆ ಬಾಗುವುದು. ವ್ಯಾಯಾಮದಲ್ಲಿ ಎಲ್ಲ ಕಡೆಗೂ ಅಳತೆಯಿಂದ ಚಲಿಸುವುದು. ಸೊಂಟನೋವಿಗೆ ಪಿಲಾಟೀಸ್ ಎಂಬ ವ್ಯಾಯಾಮವು ಒಳ್ಳೆಯದೆಂದು ಕೇಳಿ, ಮೊಬೈಲಿನ ಚಿತ್ರಗಳನ್ನು ನೋಡಿ ಮನೆಯಲ್ಲಿಯೇ ತೊಡಗುವವರು ಈಗ ಇದ್ದಾರೆ. ಹೀಗೆ ಕಲಿಯಬಹುದೆ, ಅಥವಾ ಶಿಕ್ಷಕರೇ ಬೇಕೆ ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಈ ಪದ್ಧತಿಯನ್ನು ಕಂಡುಹಿಡಿದ ಜೋಸೆಫ್ ಪಿಲಾಟೀಸರು 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅವರನ್ನು ಶತ್ರುದೇಶದವರೆಂದು ಸೆರೆಶಿಬಿರದಲ್ಲಿ ಇರಿಸಲಾಯಿತು. ಮುಂದೆ ಅವರು ಅಮೆರಿಕಕ್ಕೆ ಹೋಗಿ, ಪತ್ನಿ ಕ್ಲಾರಾ ಅವರೊಡನೆ ನ್ಯೂಯಾರ್ಕಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ಅಲ್ಲಿ ಪ್ರತಿಯೊಬ್ಬರ ದೇಹವನ್ನೂ ನೋಡಿ ತಿದ್ದುತ್ತಿದ್ದ ಅವರೇ, 1945ರಲ್ಲಿ ಚಾಪೆಯ ಮೇಲೆ ಮಾಡತಕ್ಕ 34 ವ್ಯಾಯಾಮಗಳನ್ನು ಚಿತ್ರಸಹಿತ ವಿವರಿಸಿ ಪುಸ್ತಕವನ್ನೂ ಪ್ರಕಟಿಸಿದರು.

ನಮ್ಮ ನಾಡಿನಲ್ಲಿಯೂ ಹೀಗೆಯೇ ನಡೆದಿದೆ. ಶ್ರೀ ತಿರುಮಲೆ ಕೃಷ್ಣಮಾಚಾರ್ಯರು 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ 'ಯೋಗ ಮಕರಂದ'ವೆಂಬ ಕನ್ನಡ ಪುಸ್ತಕವನ್ನೂ ಹೊರತಂದರು. 'ಶಾಂತಲಾ' ಕಾದಂಬರಿಯಿಂದ ವಾಚಕರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದಂತೆಯೇ ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದರು. ಈ ಮೂವರೂ ಶಾಲೆಯನ್ನೂ ಬಿಡಲಿಲ್ಲ, ಮನೆಯ ಅಭ್ಯಾಸವನ್ನೂ ತಳ್ಳಿಹಾಕಲಿಲ್ಲ. ಎರಡಕ್ಕೂ ಬೇರೆ ಬೇರೆ ಪ್ರಯೋಜನಗಳುಂಟು.

ಶಿಕ್ಷಕರು ಕೊಡುವುದು ಮುಖ್ಯವಾಗಿ ಹೊರಗಿನ ಕಣ್ಣನ್ನು. ಪಿಲಾಟೀಸಿನ ಮೊದಲ ವ್ಯಾಯಾಮವಾದ 'ನೂರು' ಎಂಬುದನ್ನೇ ನೋಡಿರಿ. ಅಂಗಾತ ಮಲಗಿ, ತಲೆಯನ್ನೂ ಕಾಲುಗಳನ್ನೂ ಎತ್ತಿ, ಐದೆಣಿಕೆ ಉಸಿರು ಒಳಗೆ, ಐದೆಣಿಕೆ ಹೊರಗೆ ಎಂದು ತೋಳುಗಳನ್ನು ನೂರು ಸಲ ಮೇಲೆ ಕೆಳಗೆ ಆಡಿಸಬೇಕು. ನೋಡಲು ಸುಲಭ. ಆದರೆ ಹೊಟ್ಟೆಯ ಸ್ನಾಯುಗಳಿಗೆ ಬಲ ಸಾಲದಿದ್ದರೆ ಸೊಂಟವು ನೆಲ ಬಿಟ್ಟು ಮೇಲೇಳುವುದು, ಭಾರವೆಲ್ಲ ಕತ್ತಿಗೆ ಬೀಳುವುದು, ತಿಳಿಯದೆಯೇ ಉಸಿರು ಕಟ್ಟುವುದು. ಮಾಡುವವರಿಗೆ ತಮ್ಮ ಬೆನ್ನು ಕಾಣದು. ಚಿತ್ರವೂ ಮಾತನಾಡಿ ತಿದ್ದದು. ಸೊಂಟನೋವು ಹೋಗಲೆಂದು ತೊಡಗಿದವರು ಕತ್ತುನೋವನ್ನು ಸೇರಿಸಿಕೊಳ್ಳುವುದು ಹೀಗೆಯೇ.

ಆದರೆ ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರು. ಚಾಮರಾಜನಗರಕ್ಕೆ ರೈಲಾದರೂ ಉಂಟು. ಗುಂಡ್ಲುಪೇಟೆಗೆ ಅದೂ ಇಲ್ಲ. ಮಕ್ಕಳನ್ನೂ ದನಕರುಗಳನ್ನೂ ಬಿಟ್ಟು ನಿತ್ಯವೂ ಅಷ್ಟು ದೂರ ಹೋಗಿ ಕಲಿಯುವವರು ಯಾರು? ಅಲ್ಲದೆ ವಾರಕ್ಕೊಮ್ಮೆ ಶಿಕ್ಷಕರ ಮುಂದೆ ಮಾಡಿ, ಉಳಿದ ಆರು ದಿನ ಸುಮ್ಮನಿದ್ದರೆ ಫಲವೂ ಅಲ್ಪವೇ. ಅಭ್ಯಾಸ ಬೆಳೆಯುವುದು ಮನೆಯ ಚಾಪೆಯ ಮೇಲೆಯೇ.

ಆದುದರಿಂದ ನಾವು ಹೇಳುವುದಿಷ್ಟು: ಮೊದಲ ಕೆಲವು ಪಾಠಗಳನ್ನು ಬಲ್ಲವರ ಎದುರಿನಲ್ಲಿ ಕಲಿಯತಕ್ಕದ್ದು. ನಾಲ್ಕೈದು ವ್ಯಾಯಾಮಗಳನ್ನಷ್ಟೇ ಚೆನ್ನಾಗಿ ತಿದ್ದಿಸಿಕೊಂಡು ಮನೆಯಲ್ಲಿ ನಿತ್ಯವೂ ಕಾಲುಗಂಟೆ ಮಾಡತಕ್ಕದ್ದು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮತ್ತೆ ತೋರಿಸಿಕೊಳ್ಳತಕ್ಕದ್ದು. ಮನೆಯಲ್ಲಿ ನಾದಿನಿಯೋ ಮಗಳೋ ಪಕ್ಕದಿಂದ ನೋಡಿ, ಸೊಂಟ ಮೇಲೆದ್ದಿತೆ, ಉಸಿರು ನಿಂತಿತೆ ಎಂದು ಹೇಳಬಹುದು. 'ನೂರನ್ನು' ಮಾಡುವಾಗ ಕಾಲುಗಳನ್ನು ಚಾಚುವ ಬದಲು ಮಂಡಿ ಮಡಿಸಿ ಪಾದಗಳನ್ನು ನೆಲಕ್ಕೆ ಊರಿದರೆ ಹೊಸಬರಿಗೆ ಹಗುರವಾಗುವುದು. ಕತ್ತು ನೊಂದರೆ ತಲೆಯನ್ನು ಕೆಳಗಿಟ್ಟೇ ಮಾಡಬಹುದು.

ಕೆಲವರು ಮಾತ್ರ ಚಿತ್ರವನ್ನು ನಂಬಿ ಎಂದಿಗೂ ತೊಡಗಬಾರದು. ಗರ್ಭಿಣಿಯರೂ ಬಾಣಂತಿಯರೂ ಮೊದಲು ವೈದ್ಯರನ್ನು ಕೇಳಬೇಕು. ಹೆರಿಗೆಯ ಬಳಿಕ ಹೊಟ್ಟೆಯ ನಡುವಿನ ಸ್ನಾಯುಗಳು ಅಗಲಿರುವುದುಂಟು, ಆಗ ತಲೆಯೆತ್ತುವ ವ್ಯಾಯಾಮಗಳು ಸಲ್ಲವು. ಮೂಳೆ ಸವೆದು ಟೊಳ್ಳಾದ ವೃದ್ಧೆಯರಿಗೆ ಬೆನ್ನನ್ನು ಮುಂದಕ್ಕೆ ಬಲವಾಗಿ ಬಾಗಿಸುವುದು ಅಪಾಯಕರ. ಸೊಂಟದಿಂದ ಕಾಲಿನವರೆಗೆ ಸೆಳೆಯುವ ನೋವೋ ಜೋಮೋ ಇದ್ದವರು ವೈದ್ಯರಿಗೆ ತೋರಿಸದೆ ಚಾಪೆ ಹಾಸಬಾರದು.

ಅಡಿಗೆಯನ್ನೂ ಹಸೆಯ ಚಿತ್ತಾರವನ್ನೂ ನಮ್ಮ ಹೆಣ್ಣುಮಕ್ಕಳು ಹೀಗೆಯೇ ಕಲಿತವರು: ಮೊದಲು ತಾಯಿಯ ಕೈ ನೋಡಿ, ಬಳಿಕ ತಮ್ಮ ಕೈಯಿಂದ ದಿನವೂ ಮಾಡಿ. ದೇಹವನ್ನು ಪಳಗಿಸುವುದಕ್ಕೂ ಈ ಕ್ರಮವೇ ಸಾಕು.