ಶಿಕ್ಷೆಯ ತೂಕಕ್ಕೆ ಮುದ್ರೆಯ ಬಟ್ಟು

ತಿ. ನರಸೀಪುರದ ಅಂಗಡಿಬೀದಿಯಲ್ಲಿ ಬೆಲ್ಲ ತೂಗುವ ಬಟ್ಟಿಗೂ ಸರ್ಕಾರದ ಮುದ್ರೆಯಿರಬೇಕೆಂದು ಕಾನೂನು ವಿಧಿಸಿದೆ. ಅದೇ ಊರಿನ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಾಗಲಿ, ಮೈಸೂರಿನ ಸೆಷನ್ಸ್ ನ್ಯಾಯಾಲಯದಲ್ಲಾಗಲಿ, ಮನುಷ್ಯನ ಆಯುಷ್ಯವನ್ನು ತೂಗುವುದಕ್ಕೆ ಅಂತಹ ಬಟ್ಟು ಇಲ್ಲ. ಕಾನೂನು ಶಿಕ್ಷೆಯ ಮೇಲಣ ಮಿತಿಯನ್ನೂ, ಕೆಲವೆಡೆ ಕನಿಷ್ಠವನ್ನೂ ಹೇಳುವುದು. ನಡುವಣ ಬಯಲೆಲ್ಲ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ನರಸೀಪುರದ ಮೇಲೆ ಕೊಳ್ಳೇಗಾಲವನ್ನೂ ಮಲೆಮಹದೇಶ್ವರನ ಬೆಟ್ಟವನ್ನೂ ದಾಟಿ ಹೋದರೆ ಪಾಲಾರು. ಅದರ ಬಳಿ 1993ನೆಯ ಏಪ್ರಿಲ್ 9ರಂದು ವೀರಪ್ಪನ್ ತಂಡದವರು ನೆಲಬಾಂಬು ಸಿಡಿಸಿ 22 ಜನರನ್ನು ಕೊಂದರು. ಆ ಘೋರಕೃತ್ಯಕ್ಕೆ ಕಠಿಣ ಶಿಕ್ಷೆ ತಕ್ಕುದೆಂಬುದರಲ್ಲಿ ಎರಡು ಮಾತಿಲ್ಲ. ಮೈಸೂರಿನ ವಿಶೇಷ ನ್ಯಾಯಸ್ಥಾನವು 2001ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಅಪೀಲು ಹೋದ ನಾಲ್ವರಿಗೆ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಕ್ಷಮಾಭಿಕ್ಷೆಯ ಅರ್ಜಿಗೆ 2013ರವರೆಗೂ ಉತ್ತರವಾಗಲಿಲ್ಲ. ಆ ವಿಳಂಬದ ಕಾರಣದಿಂದಲೇ 2014ರಲ್ಲಿ ಅದೇ ನ್ಯಾಯಾಲಯವು ಪುನಃ ಜೀವಾವಧಿಗೆ ಇಳಿಸಿತು. ಅಪರಾಧವು ಬದಲಾಗಲಿಲ್ಲ, ತೂಕವು ಎರಡು ಬಾರಿ ಬದಲಾಯಿತು.

ಅಳತೆಯಿದ್ದೆಡೆ ಅಪೀಲಿಗೆ ಹಿಡಿತ ದೊರೆಯುವುದೆಂಬುದಕ್ಕೆ ನಮ್ಮ ರಾಜ್ಯದ್ದೇ ಇನ್ನೊಂದು ಮೊಕದ್ದಮೆ ಸಾಕ್ಷಿ. ಎಳೆಯ ಬಾಲಿಕೆಯ ಮೇಲೆ ಅತ್ಯಾಚಾರವೆಸಗಿದವನಿಗೆ ವಿಧಿಸಿದ್ದ 10 ವರ್ಷವನ್ನು ಉಚ್ಚ ನ್ಯಾಯಾಲಯವು 4ಕ್ಕೆ ಇಳಿಸಿತು. ಕನಿಷ್ಠಕ್ಕಿಂತ ಇಳಿಯಬೇಕಾದರೆ ತಕ್ಕ ವಿಶೇಷ ಕಾರಣಗಳನ್ನು ಬರೆಯಬೇಕೆಂದು ಆಗಿನ ಕಾನೂನಿತ್ತು. ಅನಕ್ಷರಸ್ಥ, ಕುಡುಕ, ಸಂಸಾರವಂದಿಗ ಎಂಬುವು ಅಂತಹ ಕಾರಣಗಳಲ್ಲವೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 10 ವರ್ಷವನ್ನೇ ಮರಳಿ ವಿಧಿಸಿತು.

ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿಯು ಶಿಕ್ಷಾಪ್ರಮಾಣಕ್ಕೆ ಮಾರ್ಗಸೂಚಿ ರಚಿಸುವ ಶಾಸನಬದ್ಧ ಮಂಡಲಿಯೊಂದು ಬೇಕೆಂದು 2003ರಲ್ಲಿಯೇ ಹೇಳಿತು. ಇಂಗ್ಲೆಂಡಿನಲ್ಲಿ ಅಂತಹ ಮಂಡಲಿ 2010ರಿಂದ ನಡೆದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ನಮ್ಮ ಹೊಸ ಸಂಹಿತೆಗಳಲ್ಲಿ ಮಾತ್ರ ಅದಕ್ಕೆ ಎಡೆ ದೊರೆಯಲಿಲ್ಲ.

ಹೊಟ್ಟೆಗಿಲ್ಲದೆ ಕದ್ದವನನ್ನೂ ಕೊಬ್ಬಿ ಕದ್ದವನನ್ನೂ ಒಂದೇ ಕೋಲಿನಿಂದ ಅಳೆಯಬಹುದೇ ಎಂದು ಕೆಲವರು ಕೇಳಬಹುದು. ಕೂಡದು. ಇಂಗ್ಲೆಂಡಿನಲ್ಲಿಯೂ ಮಾರ್ಗಸೂಚಿಯನ್ನು ಅನುಸರಿಸುವುದು ನ್ಯಾಯಕ್ಕೆ ವಿರುದ್ಧವಾದಾಗ ಅದನ್ನು ಬಿಟ್ಟು ನಡೆಯುವ ಅಧಿಕಾರ ನ್ಯಾಯಾಧೀಶರಿಗುಂಟು. ನಾವು ಕೇಳುವುದು ಇಷ್ಟೇ: ಅಳತೆಯೊಂದಿರಲಿ, ಅದನ್ನು ಮೀರಿದಾಗ ಏತಕ್ಕೆ ಮೀರಿದೆವೆಂಬುದು ಫೈಸಲಿನಲ್ಲಿ ಸ್ಪಷ್ಟವಾಗಿರಲಿ. ವಕೀಲರನ್ನಿಡಲಾರದ ಬಡ ಕೈದಿಯು ಸೆರೆಮನೆಯ ಅಧಿಕಾರಿಯ ಮೂಲಕವೇ ಅಪೀಲು ಕಳುಹಿಸಬಹುದು. ಆದರೆ ಕಾರಣವನ್ನೇ ಹೇಳದ ಶಿಕ್ಷೆಯ ಮೇಲೆ ಅವನು ಏನೆಂದು ವಾದಿಸಬೇಕು? ಶಾಸನಕರ್ತರು ಇದನ್ನು ಇನ್ನಾದರೂ ಮನಸ್ಸಿಗೆ ತಂದುಕೊಳ್ಳುವುದು ಯುಕ್ತ.