ಲ್ಯಾಪ್‌ಟಾಪು: ಹಗುರತನದ ಬೆಲೆ

ಕಳೆದ ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ಕಾಲೇಜಿನ ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ನಮ್ಮದು ರಾಯಚೂರು, ಹೊತ್ತು ಮುಳುಗಿದ್ದರೂ ಗೋಡೆಗಳು ಇನ್ನೂ ಕಾದೇ ಇದ್ದುವು. ಹುಡುಗನಿಗೆ ಎಂ.ಎಸ್‌ಸಿ. ಓದುವ ಆಸೆ, ಅದಕ್ಕೊಂದು ಲ್ಯಾಪ್‌ಟಾಪು ಬೇಕು. ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ ಎಂಬ ಹಗುರ ಯಂತ್ರದ ಮೇಲೆ ಅವನ ಮನಸ್ಸು ನಿಂತಿತ್ತು. ತಂದೆಯವರು ಹತ್ತಿ ಬೆಳೆಯುವ ರೈತರು. ಆ ವರ್ಷದ ಹತ್ತಿಯ ಹಣದಲ್ಲಿ ದೊಡ್ಡದೊಂದು ಪಾಲು ಇದಕ್ಕೇ ಹೋಗಬೇಕಾಗಿತ್ತು. ಅವರು ನಮ್ಮನ್ನು ಕೇಳಿದರು: “ಸರ್, ನಾವು ಹತ್ತಿ ಮಾರೋರು. ತೂಕ ಕಡಿಮಿ ಆದ್ರ ರೊಕ್ಕಾನೂ ಕಡಿಮಿ ಆಗ್ತದ. ಇದು ಹಗುರ ಆದಷ್ಟೂ ರೊಕ್ಕ ಜಾಸ್ತಿ ಅಂತಾರಲ್ಲ, ಇದೆಂಥಾ ವ್ಯಾಪಾರ?”

ಪ್ರಶ್ನೆ ಸರಳವಾಗಿ ಕಂಡರೂ ಅದರಲ್ಲಿ ಭೌತವಿಜ್ಞಾನದ ಒಂದು ಪಾಠವೇ ಅಡಗಿದೆ. ಅಂದು ಅವರಿಗೆ ಹೇಳಿದುದನ್ನೇ ಕೊಂಚ ವಿಸ್ತರಿಸಿ ವಾಚಕರ ಮುಂದಿಡುತ್ತೇವೆ.

ಹನ್ನೊಂದು ಕಿಲೋದಿಂದ ಒಂದೂಕಾಲು ಕಿಲೋಗೆ

ಹೊತ್ತು ತಿರುಗಬಹುದಾದ ಗಣಕಯಂತ್ರವೆಂದು 1981ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆಸ್‌ಬಾರ್ನ್-1 ಯಂತ್ರದ ತೂಕ ಸುಮಾರು 11 ಕಿಲೋಗ್ರಾಂ. ಅದರೊಳಗೆ ವಿದ್ಯುತ್ಕೋಶವಿರಲಿಲ್ಲ; ಎಲ್ಲಿಗೆ ಹೊತ್ತೊಯ್ದರೂ ಗೋಡೆಯ ಪ್ಲಗ್ಗನ್ನೇ ಹುಡುಕಬೇಕಾಗಿತ್ತು. ಅದರ ಬೆಲೆ 1795 ಡಾಲರು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಕಾಗದದ ಲಕೋಟೆಯೊಂದರಿಂದ ಹೊರತೆಗೆದು ತೋರಿಸಿದ ಮೊದಲ ಮ್ಯಾಕ್‌ಬುಕ್ ಏರ್ ಯಂತ್ರದ ತೂಕ 1.36 ಕಿಲೋಗ್ರಾಂ, ಅದರ ಆರಂಭದ ಬೆಲೆ 1799 ಡಾಲರು. ತೂಕ ಎಂಟನೆಯ ಒಂದು ಪಾಲಿಗೆ ಇಳಿದರೂ ಬೆಲೆಯ ಅಂಕೆ ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದುದು ವಿನೋದದ ಸಂಗತಿ.

ಈ ಹಗುರತನ ಬಂದುದಾದರೂ ಹೇಗೆ? ಬಹುಮಟ್ಟಿಗೆ ತ್ಯಾಗದಿಂದ. ಮೊದಲ ಏರ್‌ನಲ್ಲಿ ಸಿ.ಡಿ. ಓದುವ ಭಾಗವನ್ನು ಬಿಟ್ಟರು, ಜಾಲದ ತಂತಿಗೆ ರಂಧ್ರವನ್ನಿಡಲಿಲ್ಲ, ಯು.ಎಸ್.ಬಿ. ರಂಧ್ರವನ್ನು ಒಂದೇ ಒಂದು ಉಳಿಸಿದರು. ಬಳಸುವವನು ತಾನೇ ಬದಲಿಸಲಾಗದಂತೆ ಬ್ಯಾಟರಿಯನ್ನು ಒಳಗೆ ಮುಚ್ಚಿಬಿಟ್ಟರು. ಕೊನೆಗೆ, 2020ರ ನವೆಂಬರಿನಲ್ಲಿ ಬಂದ ಮಾದರಿಯಲ್ಲಿ, ಯಂತ್ರವನ್ನು ತಂಪಾಗಿಡುತ್ತಿದ್ದ ಪುಟ್ಟ ಬೀಸಣಿಗೆಯನ್ನೂ ತೆಗೆದುಹಾಕಿದರು. ಈ ಕೊನೆಯ ತ್ಯಾಗವೇ ನಮ್ಮ ವಿಷಯಕ್ಕೆ ಮುಖ್ಯವಾದುದು.

ಉದಾಹರಣೆಗಾಗಿ 2022ರ ಜುಲೈಯಲ್ಲಿ ಮಾರಾಟಕ್ಕೆ ಬಂದ ಮಾದರಿಯನ್ನು ತೆಗೆದುಕೊಳ್ಳೋಣ. ಅದರ ದಪ್ಪ 1.13 ಸೆಂಟಿಮೀಟರು, ತೂಕ 1.24 ಕಿಲೋಗ್ರಾಂ; ಭಾರತದಲ್ಲಿ ಅದರ ಆರಂಭದ ಬೆಲೆ 1,19,900 ರೂಪಾಯಿ. ಮೈಯೆಲ್ಲ ಅಲ್ಯೂಮಿನಿಯಮ್. ಉಕ್ಕಿನ ಸಾಂದ್ರತೆಯ ಮೂರನೆಯ ಒಂದು ಪಾಲು ಮಾತ್ರ ಇರುವ ಈ ಲೋಹ ಶಾಖವನ್ನು ಉಕ್ಕಿಗಿಂತ ಹಲವು ಮಡಿ ಚೆನ್ನಾಗಿ ವಹಿಸುತ್ತದೆ. ಆದುದರಿಂದ ಇಲ್ಲಿ ಲೋಹದ ಮೈ ಬರಿಯ ಅಲಂಕಾರವಲ್ಲ. ಬೀಸಣಿಗೆಯ ಕೆಲಸವನ್ನು ಅದೇ ಮಾಡಬೇಕು.

ಮಿತಾಹಾರದ ಯಂತ್ರ

ಮೊದಲು ಗುಣಗಳನ್ನು ನೋಡೋಣ. ಈ ಯಂತ್ರದ ಬ್ಯಾಟರಿ 52.6 ವಾಟ್-ಗಂಟೆಗಳಷ್ಟು ಶಕ್ತಿಯನ್ನು ಹಿಡಿಯುತ್ತದೆ. ಜಾಲತಾಣಗಳನ್ನು ನೋಡುತ್ತಿದ್ದರೆ ಒಂದು ತುಂಬುವಿಕೆ 15 ಗಂಟೆಗಳವರೆಗೆ ಬರುವುದೆಂದು ತಯಾರಕರ ಹೇಳಿಕೆ. ಭಾಗಿಸಿ ನೋಡಿದರೆ ಯಂತ್ರದ ಸರಾಸರಿ ವ್ಯಯ ಕೇವಲ 3.5 ವಾಟ್ ಆಗುತ್ತದೆ! ನಮ್ಮ ಮನೆಗಳಲ್ಲಿ ಉರಿಯುವ 9 ವಾಟಿನ ಎಲ್‌.ಇ.ಡಿ. ದೀಪ ಇದಕ್ಕಿಂತ ಎರಡೂವರೆ ಮಡಿ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ.

ಈ ಮಿತವ್ಯಯಕ್ಕೆ ಕಾರಣ ಅದರ ಚಿಪ್ಪು. ಸುಮಾರು 2000 ಕೋಟಿ ಟ್ರಾನ್ಸಿಸ್ಟರುಗಳು ಅದರಲ್ಲಿ ಅಡಕವಾಗಿವೆ. ಟ್ರಾನ್ಸಿಸ್ಟರು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುವಾಗಲೆಲ್ಲ ಸ್ವಲ್ಪ ಶಕ್ತಿ ಖರ್ಚಾಗುತ್ತದೆ. ಈ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ. ವೋಲ್ಟೇಜನ್ನು ಅರ್ಧಕ್ಕೆ ಇಳಿಸಬಲ್ಲೆವಾದರೆ ಖರ್ಚು ಕಾಲುಭಾಗಕ್ಕೆ ಇಳಿಯುವುದು. ಇದಲ್ಲದೆ ಈ ಚಿಪ್ಪಿನಲ್ಲಿ ಲೆಕ್ಕ ಮಾಡುವ ಘಟಕಗಳು ಎರಡು ಬಗೆಯವು: ಕಷ್ಟದ ಕೆಲಸಕ್ಕೆ ವೇಗದವು ನಾಲ್ಕು, ಹಗುರ ಕೆಲಸಕ್ಕೆ ಮಿತವ್ಯಯದವು ನಾಲ್ಕು. ಒಂದು ಕೊಡ ನೀರು ತರಲು ಯಾರೂ ಟ್ರ್ಯಾಕ್ಟರು ಹೂಡುವುದಿಲ್ಲವಷ್ಟೆ. ಸ್ಮೃತಿಯನ್ನೂ ಚಿಪ್ಪಿನ ಮಗ್ಗುಲಲ್ಲಿಯೇ ಇರಿಸಿರುವುದರಿಂದ ದತ್ತಾಂಶಗಳು ದೂರ ಸಂಚರಿಸಬೇಕಾಗಿಲ್ಲ. ಅಲ್ಲಿಯೂ ಶಕ್ತಿ ಉಳಿಯುತ್ತದೆ.

ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಇಷ್ಟು ಹೊತ್ತು ನಡೆಯುವ ಬ್ಯಾಟರಿ ಸಣ್ಣ ಲಾಭವಲ್ಲ. ಬಸ್ಸಿನಲ್ಲಿ ದಿನವೂ ಓಡಾಡುವ ವಿದ್ಯಾರ್ಥಿಯ ಹೆಗಲಿಗೆ ಅರ್ಧ ಕಿಲೋ ಭಾರ ಕಡಿಮೆಯಾದರೂ ಅದು ಅವನಿಗೆ ತಿಳಿಯುವುದು. ಬೀಸಣಿಗೆಯಿಲ್ಲದ ಯಂತ್ರ ಸದ್ದು ಮಾಡುವುದಿಲ್ಲ. ಗಾಳಿಯನ್ನು ಒಳಗೆ ಎಳೆದುಕೊಳ್ಳದಿರುವುದರಿಂದ ಅದರೊಡನೆ ನಮ್ಮ ಬಯಲುಸೀಮೆಯ ಧೂಳೂ ಒಳಹೋಗುವುದು ಕಡಿಮೆ.

ಶಾಖದ ಲೆಕ್ಕ

ಇನ್ನು ದೋಷದ ಕಡೆಗೆ ಬರೋಣ. ಚಿಪ್ಪಿಗೆ ಹೋದ ವಿದ್ಯುಚ್ಛಕ್ತಿಯೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳಬೇಕು. ಇದು ಪ್ರಕೃತಿಯ ನಿಯಮ. 3.5 ವಾಟ್ ಶಾಖ ಯಾರಿಗೂ ತೊಂದರೆ ಕೊಡದು. ಆದರೆ ದೀರ್ಘವಾದ ಗಣನೆಯನ್ನು ಒಪ್ಪಿಸಿ ಎಲ್ಲ ಘಟಕಗಳನ್ನೂ ಒಟ್ಟಿಗೆ ದುಡಿಸಿದರೆ ಇಂತಹ ಚಿಪ್ಪು 20 ವಾಟ್ ಅಥವಾ ಅದಕ್ಕೂ ಹೆಚ್ಚು ವ್ಯಯಿಸಬಲ್ಲುದು. ಬೀಸಣಿಗೆಯ ನೆರವಿಲ್ಲದೆ ಈ ಶಾಖ ಹೊರಹೋಗಬಲ್ಲುದೆ?

ಒಂದು ಸ್ಥೂಲವಾದ ಲೆಕ್ಕ ಮಾಡೋಣ. ಯಂತ್ರದ ಉದ್ದ 30.41 ಸೆಂಟಿಮೀಟರು, ಅಗಲ 21.5. ಕೀಲಿಗಳಿರುವ ಭಾಗದ ಮೇಲ್ಮೈ, ಕೆಳಮೈ ಎರಡೂ ಸೇರಿ ಸುಮಾರು 0.13 ಚದರ ಮೀಟರು. ನಿಶ್ಚಲವಾದ ಗಾಳಿಯಲ್ಲಿ ಇಂತಹ ಮೇಲ್ಮೈ ಸಂವಹನ, ವಿಕಿರಣ ಎರಡರಿಂದಲೂ ಕಳೆದುಕೊಳ್ಳುವ ಶಾಖ, ಉಷ್ಣತೆಯ ಅಂತರ ಒಂದು ಡಿಗ್ರಿಯಾದರೆ, ಚದರ ಮೀಟರಿಗೆ ಸುಮಾರು 10 ವಾಟ್. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಯಂತ್ರದ ಮೈ 40 ಡಿಗ್ರಿ ಎಂದಿಟ್ಟುಕೊಂಡರೆ ಅಂತರ 15 ಡಿಗ್ರಿ. ಆಗ ಹೊರಹೋಗಬಲ್ಲ ಶಾಖ ಸುಮಾರು 20 ವಾಟ್. ಲೆಕ್ಕ ಸರಿಹೋಯಿತು.

ಈಗ ಅದೇ ಯಂತ್ರವನ್ನು ಬೇಸಗೆಯಲ್ಲಿ 35 ಡಿಗ್ರಿಯ ಕೋಣೆಯಲ್ಲಿರಿಸಿ. ಅಂತರ 5 ಡಿಗ್ರಿಗೆ ಇಳಿಯಿತು. ಹೊರಹೋಗುವ ಶಾಖ ಆರೂವರೆ ವಾಟ್ ಮಾತ್ರ! ಕೆಳಮೈ ಮೇಜಿಗೋ ಹಾಸಿಗೆಗೋ ತಗುಲಿಕೊಂಡಿದ್ದರೆ ಅಷ್ಟೂ ಹೋಗದು. ಮಿಕ್ಕ ಶಾಖ ಒಳಗೇ ನಿಂತು ಚಿಪ್ಪಿನ ಉಷ್ಣತೆಯನ್ನು ಏರಿಸುವುದು. ಅಪಾಯದ ಮಟ್ಟ ಮುಟ್ಟುವ ಮೊದಲೇ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಯಂತ್ರ ಕೆಡುವುದಿಲ್ಲ, ನಿಜ. ಆದರೆ ಯಾವ ವೇಗಕ್ಕಾಗಿ ಹಣ ತೆತ್ತೆವೋ ಆ ವೇಗ ಉಳಿಯುವುದಿಲ್ಲ.

ಇದು ನಮ್ಮ ಊಹೆಯಷ್ಟೇ ಅಲ್ಲ. ಯಂತ್ರವನ್ನು 10ರಿಂದ 35 ಡಿಗ್ರಿಗಳ ನಡುವೆ ಬಳಸಬೇಕೆಂದು ತಯಾರಕರ ವಿವರಪಟ್ಟಿಯಲ್ಲಿಯೇ ಹೇಳಿದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ನಡುಹಗಲು 40 ಡಿಗ್ರಿ ಮೀರುವುದು ವಾಡಿಕೆ. ಹೆಚ್ಚು ಕಾವಿನಲ್ಲಿ ಲಿಥಿಯಂ ಬ್ಯಾಟರಿಯ ಆಯುಸ್ಸೂ ಬೇಗ ಸವೆಯುತ್ತದೆ.

ಬಿಚ್ಚಲಾಗದ ಗಂಟು

ಎರಡನೆಯ ದೋಷ ಮೊದಲನೆಯದಕ್ಕಿಂತ ಮೌನವಾದುದು. ರ್ಯಾಮ್ ಎಂದು ಕರೆಯುವ ತಾತ್ಕಾಲಿಕ ಸ್ಮೃತಿಯನ್ನು ಚಿಪ್ಪಿನ ಜೊತೆಗೇ ಬೆಸೆದಿರುವುದರಿಂದ ಕೊಂಡ ಮೇಲೆ ಅದನ್ನು ಹೆಚ್ಚಿಸಲಾಗದು. 2022ರಲ್ಲಿ ಆರಂಭದ ಬೆಲೆಗೆ ಸಿಗುತ್ತಿದ್ದುದು 8 ಗಿಗಾಬೈಟು. 2024ರ ಅಕ್ಟೋಬರಿನಲ್ಲಿ ಕಂಪನಿಯೇ ಕನಿಷ್ಠ ಪ್ರಮಾಣವನ್ನು 16ಕ್ಕೆ ಏರಿಸಿತು. ಹೊಸದಾಗಿ ಕೊಳ್ಳುವವರಿಗೆ ಅದರಿಂದ ಅನುಕೂಲವಾಯಿತು. ಮೊದಲು ಕೊಂಡವರು ಎಂಟರಲ್ಲಿಯೇ ಉಳಿದರು. ಬಿಚ್ಚಿ ಸೇರಿಸುವ ಸೌಕರ್ಯವಿರುವ ದಪ್ಪನೆಯ ಯಂತ್ರವಾಗಿದ್ದರೆ ಕೆಲವು ಸಾವಿರ ರೂಪಾಯಿಗಳಲ್ಲಿ ಕೆಲಸವಾಗುತ್ತಿತ್ತು. ತರಗತಿಯ ಪ್ರೊಜೆಕ್ಟರಿಗೆ ಜೋಡಿಸಲು ಬೇರೊಂದು ಕೊಂಡಿಯನ್ನೂ ಕೊಳ್ಳಬೇಕಾಗುತ್ತದೆ. ಅದನ್ನು ಮನೆಯಲ್ಲಿ ಮರೆತುಬಂದ ದಿನ ಪಾಠಕ್ಕೆ ಕರಿಹಲಗೆಯೇ ಗತಿ.

ಯಾರಿಗೆ ಯಾವುದು?

ಹಾಗಾದರೆ ಈ ಯಂತ್ರ ಒಳ್ಳೆಯದೋ, ಕೆಟ್ಟದೋ? ಪ್ರಶ್ನೆಯನ್ನು ಹೀಗೆ ಕೇಳುವುದೇ ಸರಿಯಲ್ಲ. ಬರೆಯುವುದು, ಓದುವುದು, ಆಗಾಗ ಚಿಕ್ಕ ಲೆಕ್ಕಗಳನ್ನು ಮಾಡುವುದು, ದಿನವೂ ಹೊತ್ತು ತಿರುಗುವುದು ಇಷ್ಟೇ ಕೆಲಸವಾದರೆ ಇದಕ್ಕೆ ಸರಿಗಟ್ಟುವ ಯಂತ್ರಗಳು ವಿರಳ. ಗಂಟೆಗಟ್ಟಲೆ ನಡೆಯುವ ಗಣನೆ, ಬಿಸಿಲುನಾಡಿನ ಕೋಣೆ, ಮತ್ತೆ ಐದಾರು ವರ್ಷ ಅದರಲ್ಲಿಯೇ ಬಾಳಬೇಕಾದ ಅನಿವಾರ್ಯ ಇವು ಮೂರೂ ಕೂಡಿದರೆ, ಬೀಸಣಿಗೆಯುಳ್ಳ ಸ್ವಲ್ಪ ಭಾರದ ಯಂತ್ರವೇ ಮೇಲು. ಹಗುರತನಕ್ಕೆ ನಾವು ತೆರುವ ಬೆಲೆ ರೂಪಾಯಿಗಳಲ್ಲಿ ಮಾತ್ರವಲ್ಲ. ಶಾಖಕ್ಕೆ ಹೊರದಾರಿಯನ್ನೂ ಯಂತ್ರಕ್ಕೆ ಬೆಳೆಯುವ ಅವಕಾಶವನ್ನೂ ತೆತ್ತಿರುತ್ತೇವೆ.

ಶಾಖದ ಲೆಕ್ಕವನ್ನು ಅಂದು ಹುಡುಗನ ಕೈಯಲ್ಲಿಯೇ ಮಾಡಿಸಿದೆವು. ಆರೂವರೆ ವಾಟ್ ಎಂಬ ಉತ್ತರ ಬಂದಾಗ ಅವನು ಹಾಳೆಯನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತನು. ಅವನು ಕಲಿಯಬೇಕೆಂದಿದ್ದುದು ಗಂಟೆಗಟ್ಟಲೆ ಗಣನೆ ಬೇಡುವ ವಿಷಯವನ್ನೇ. ಜೂನ್ ತಿಂಗಳಲ್ಲಿ ತಂದೆ ಮಕ್ಕಳಿಬ್ಬರೂ ಮತ್ತೆ ಬಂದು, ಕೊಂಡ ಯಂತ್ರವನ್ನು ನಮ್ಮ ಮೇಜಿನ ಮೇಲಿಟ್ಟರು. ಬೀಸಣಿಗೆಯುಳ್ಳದ್ದು, ಸ್ಮೃತಿಯನ್ನು ಮುಂದೆ ಹೆಚ್ಚಿಸಬಹುದಾದದ್ದು, ಅರ್ಧದಷ್ಟು ಬೆಲೆಯದು. ಉಳಿದ ಹಣವನ್ನು ಹಾಸ್ಟೆಲಿನ ಶುಲ್ಕಕ್ಕೆ ತೆಗೆದಿರಿಸಿದ್ದರು. ತಂದೆಯವರು ಅದನ್ನು ಎರಡೂ ಕೈಗಳಲ್ಲಿ ಎತ್ತಿ ತೂಗಿ ನೋಡಿ ಹೇಳಿದರು: “ಸ್ವಲ್ಪ ಭಾರ ಅದ ಸರ್. ಇರ್ಲಿ ಬಿಡ್ರಿ, ಹುಡುಗ ಹೊರ್ತಾನ.”