ನಮ್ಮ ಹೋಬಳಿ ಸರ್ಕಾರಿ ಆಸ್ಪತ್ರೆ ಗಟ್ಟಿಯಾಗಿ ನಿಲ್ಲೋದು ಹೇಗೆ? ಪಕ್ಕದ ಆಸ್ಪತ್ರೆಯಿಂದ ಕಲಿಯೋ ಲೆಕ್ಕ ಇಲ್ಲಿದೆ

"ಇಲ್ಲಿ ಆಗಲ್ಲ, ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ." ಈ ಮಾತು ಕೇಳದ ಮನೆ ನಮ್ಮ ತಾಲೂಕಲ್ಲಿ ಕಡಿಮೆ. ರಾತ್ರಿ ಹೆರಿಗೆ ನೋವು ಬಂದ್ರೆ, ಹೊಲದಲ್ಲಿ ಹಾವು ಕಚ್ಚಿದ್ರೆ, ಬೈಕ್‌ನಿಂದ ಬಿದ್ರೆ ಮೊದಲು ಓಡೋದು ಹೋಬಳಿಯ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಕೆಲಸ ಆಗಲಿಲ್ಲ ಅಂದ್ರೆ 108 ಆಂಬುಲೆನ್ಸ್‌ಗೆ ಕಾಯಬೇಕು, ಇಲ್ಲಾ ಬಾಡಿಗೆ ಕಾರು ಹುಡುಕಬೇಕು. ಹೋಗೋ ದಾರಿಯಲ್ಲಿ ಜೀವವೂ ಹೋಗಬಹುದು, ಕೂಡಿಟ್ಟ ದುಡ್ಡಂತೂ ಹೋಗೇ ಹೋಗುತ್ತೆ.

ಇಂಥ ಆಸ್ಪತ್ರೆಗಳ ಬಗ್ಗೆ ಬೈಯೋದು ಸುಲಭ. ಆದರೆ ಕೆಲವು ಕಡೆ ಇದೇ ಸರ್ಕಾರಿ ವ್ಯವಸ್ಥೆಯಲ್ಲೇ, ಇದೇ ಅನುದಾನದಲ್ಲೇ ಆಸ್ಪತ್ರೆಗಳು ಚೆನ್ನಾಗಿ ನಡೀತಿವೆ. ಅವರಿಗೆ ಗೊತ್ತಿರೋದು ಇವರಿಗೆ ಯಾಕೆ ಗೊತ್ತಾಗ್ತಿಲ್ಲ? ಒಬ್ಬರಿಂದ ಒಬ್ಬರು ಕಲಿಯೋಕೆ ದಾರಿ ಇದೆಯಾ? ಇದೆ. ಅದರ ವಿವರ ನೋಡೋಣ.

ಸಮುದಾಯ ಆರೋಗ್ಯ ಕೇಂದ್ರ ಅಂದ್ರೆ ಯಾವುದು?

ಬೋರ್ಡಿನ ಮೇಲೆ ಸಿಎಚ್‌ಸಿ ಅಂತ ಬರೆದಿರುತ್ತಲ್ಲ, ಅದೇ. ಕೇಂದ್ರ ಸರ್ಕಾರದ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ 1,20,000 ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 80,000 ಜನಕ್ಕೆ ಒಂದು ಇರಬೇಕು. 30 ಹಾಸಿಗೆ ಇರಬೇಕು. ಸುಮಾರು ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ರೋಗಿಗಳನ್ನು ಕಳಿಸೋದು ಇಲ್ಲಿಗೇ.

ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಫಿಜಿಷಿಯನ್, ಸರ್ಜನ್ ಇರಬೇಕು ಅನ್ನೋದು ಲೆಕ್ಕ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಸರಪಳಿ ಕಡಿದಂತೆ. ಹೆರಿಗೆ ಡಾಕ್ಟ್ರು ಇದ್ದೂ ಅರಿವಳಿಕೆ ಕೊಡೋ ಡಾಕ್ಟ್ರು ಇಲ್ಲ ಅಂದ್ರೆ ಸಿಸೇರಿಯನ್ ಆಗಲ್ಲ. ಇಬ್ಬರೂ ಇದ್ದು ರಕ್ತ ಶೇಖರಣೆ ಇಲ್ಲ ಅಂದ್ರೆ, ರಕ್ತಸ್ರಾವದ ಭಯಕ್ಕೆ ಬಾಣಂತಿಯನ್ನು ಜಿಲ್ಲೆಗೆ ಕಳಿಸ್ತಾರೆ.

ಅಂಗಡಿಯವರಿಗೂ ಇದರ ಲೆಕ್ಕ ಗೊತ್ತು. ಆಸ್ಪತ್ರೆ ನಡೆದರೆ ಮೆಡಿಕಲ್ ಶಾಪ್, ಹೋಟೆಲ್, ಹಣ್ಣಿನ ಗಾಡಿ, ಆಟೋ ಎಲ್ಲಾ ನಡೆಯುತ್ತೆ. ಓಪಿಡಿ ಖಾಲಿಯಾದ್ರೆ ಆ ರಸ್ತೆಯೂ ಖಾಲಿ.

ಇಂದೋರ್‌ನಲ್ಲಿ ಹುಟ್ಟಿದ್ದು ನಮ್ಮೂರಿಗೂ ಬಂತು

ನಮ್ಮ ಆಸ್ಪತ್ರೆಗಳಲ್ಲಿ 'ಆರೋಗ್ಯ ರಕ್ಷಾ ಸಮಿತಿ' ಅಂತ ಇದೆ. ಇದು ಎಲ್ಲಿಂದ ಬಂತು ಗೊತ್ತಾ?

1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ದೇಶವೇ ಹೆದರಿತ್ತು. ಆಗ ಮಧ್ಯಪ್ರದೇಶದ ಇಂದೋರ್‌ನ ಮಹಾರಾಜ ಯಶವಂತರಾವ್ ಆಸ್ಪತ್ರೆಯಲ್ಲಿ ಇಲಿಗಳ ಕಾಟ ಹೇಳತೀರದು. ಜಿಲ್ಲಾಡಳಿತ ರೋಗಿಗಳನ್ನು ಬೇರೆಡೆಗೆ ಸಾಗಿಸಿ ಇಡೀ ಆಸ್ಪತ್ರೆ ತೊಳೆಸಿತು, ಸಾವಿರಾರು ಇಲಿಗಳನ್ನು ಹಿಡಿಸಿತು. ತೊಳೆದ ಮೇಲೆ ಅದನ್ನು ಹಾಗೇ ಉಳಿಸಿಕೊಳ್ಳೋದು ಹೇಗೆ ಅನ್ನೋ ಪ್ರಶ್ನೆ ಬಂತು. ಆಗ ಅಧಿಕಾರಿಗಳು, ಜನಪ್ರತಿನಿಧಿಗಳು, ಊರಿನವರು ಸೇರಿ 'ರೋಗಿ ಕಲ್ಯಾಣ ಸಮಿತಿ' ಮಾಡಿದರು. ಸಣ್ಣಪುಟ್ಟ ಖರ್ಚಿಗೆ ರಾಜಧಾನಿಯ ಫೈಲ್ ಕಾಯದೆ ಸ್ಥಳೀಯವಾಗಿಯೇ ತೀರ್ಮಾನ ಮಾಡೋ ಅಧಿಕಾರ ಆ ಸಮಿತಿಗೆ ಸಿಕ್ಕಿತು.

ಇದನ್ನು ನೋಡಿ ಮಧ್ಯಪ್ರದೇಶದ ಬೇರೆ ಆಸ್ಪತ್ರೆಗಳೂ ಹಾಗೇ ಮಾಡಿದವು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದಾಗ ದೇಶಕ್ಕೆಲ್ಲಾ ಇದೇ ಮಾದರಿ ಬಂತು. ಕರ್ನಾಟಕದಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ. ಮಿಷನ್‌ನ ಮೊದಲ ವರ್ಷಗಳಲ್ಲಿ ಒಂದು ಸಿಎಚ್‌ಸಿಗೆ ವರ್ಷಕ್ಕೆ ಮುಕ್ತ ನಿಧಿ 50,000 ರೂ., ನಿರ್ವಹಣೆಗೆ 1 ಲಕ್ಷ, ಸಮಿತಿಗೆ 1 ಲಕ್ಷ ಅಂತ ನಿಗದಿ ಮಾಡಿದ್ದರು.

ಆದರೆ ಕಥೆ ಇಲ್ಲಿಗೇ ಮುಗಿಯಲ್ಲ. 2025ರಲ್ಲಿ ಅದೇ ಇಂದೋರ್ ಆಸ್ಪತ್ರೆಯ ನವಜಾತ ಶಿಶುಗಳ ಐಸಿಯುನಲ್ಲಿ ಎರಡು ಕೂಸುಗಳಿಗೆ ಇಲಿ ಕಚ್ಚಿದ ಸುದ್ದಿ ದೇಶವೆಲ್ಲಾ ಓದಿತು. ಎರಡೂ ಕೂಸು ಉಳಿಯಲಿಲ್ಲ. ದೇಶಕ್ಕೆ ಪಾಠ ಹೇಳಿಕೊಟ್ಟ ಆಸ್ಪತ್ರೆಯೇ ತನ್ನ ಪಾಠ ಮರೆತರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಒಮ್ಮೆ ಸುಧಾರಿಸಿದರೆ ಸಾಲದು, ಯಾರಾದರೂ ಆಗಾಗ ಬಂದು ನೋಡ್ತಿರಬೇಕು.

ಪಕ್ಕದ ಆಸ್ಪತ್ರೆಯವರೇ ಬಂದು ನೋಡೋ 'ಕಾಯಕಲ್ಪ'

ಈ 'ಬಂದು ನೋಡೋ' ಕೆಲಸಕ್ಕೆ ಒಂದು ವ್ಯವಸ್ಥೆ ಈಗಾಗಲೇ ಇದೆ. 2015ರ ಮೇ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಶುರು ಮಾಡಿದ ಕಾಯಕಲ್ಪ ಯೋಜನೆ ಅದು. ಪ್ರಶಸ್ತಿ ಬಂದಾಗ ಫೋಟೋ ಸುದ್ದಿ ಬರುತ್ತೆ, ಆದರೆ ಒಳಗೆ ನಡೆಯೋ ಕೆಲಸ ಯಾರಿಗೂ ಗೊತ್ತಾಗಲ್ಲ.

ಇದರಲ್ಲಿ ಮೂರು ಹಂತ:

1. ಮೊದಲು ಆಸ್ಪತ್ರೆಯವರೇ ತಮಗೆ ತಾವು ಅಂಕ ಹಾಕಿಕೊಳ್ಳಬೇಕು. ಕಟ್ಟಡ, ಶೌಚಾಲಯ, ಕಸ ವಿಲೇವಾರಿ, ಸೋಂಕು ತಡೆ ಹೀಗೆ ಒಂದೊಂದಕ್ಕೂ ಪಟ್ಟಿ ಇದೆ.
2. ಶೇ. 70 ಬಂದ್ರೆ ಇನ್ನೊಂದು ಆಸ್ಪತ್ರೆಯ ತಂಡ ಬಂದು ಪರಿಶೀಲಿಸುತ್ತೆ.
3. ಅಲ್ಲೂ ಪಾಸಾದ್ರೆ ಹೊರಗಿನ ತಂಡದ ಪರೀಕ್ಷೆ.

ನಿಜವಾದ ಕಲಿಕೆ ನಡೆಯೋದು ಎರಡನೇ ಹಂತದಲ್ಲಿ. ಮೇಲಧಿಕಾರಿ ಬಂದ್ರೆ ಎಲ್ಲರೂ ಮುಚ್ಚಿಡೋಕೆ ನೋಡ್ತಾರೆ. ಆದರೆ ಪಕ್ಕದ ಹೋಬಳಿಯ ನರ್ಸ್ ಬಂದಾಗ, "ನಮ್ಮಲ್ಲೂ ಇದೇ ಸಮಸ್ಯೆ ಇತ್ತು, ನಾವು ಹೀಗೆ ಮಾಡಿದ್ವಿ" ಅನ್ನೋ ಮಾತು ಬರುತ್ತೆ. ನೋಡೋಕೆ ಬಂದವರೂ ಕಲಿತು ಹೋಗ್ತಾರೆ.

ಒಂದು ಉದಾಹರಣೆ ತಗೊಳ್ಳಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಹತ್ತಿದ ಬಟ್ಟೆ, ಹತ್ತಿ ಹಳದಿ ಚೀಲಕ್ಕೆ. ಡ್ರಿಪ್ ಪೈಪಿನಂಥ ಪ್ಲಾಸ್ಟಿಕ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ. ಗಾಜು ನೀಲಿಗೆ ಹೋಗಬೇಕು. ಸಂಸ್ಕರಣೆ ಮಾಡದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಇದು ಗೋಡೆ ಮೇಲಿನ ಚಾರ್ಟ್‌ನಲ್ಲಿ ಎಲ್ಲಾ ಕಡೆ ಇರುತ್ತೆ. ಆದರೆ ರಾತ್ರಿ ಪಾಳಿಯ ಗ್ರೂಪ್ ಡಿ ನೌಕರರಿಗೆ ಯಾರು ಹೇಳಿಕೊಡ್ತಾರೆ, ಗಾಡಿ ಬರದ ದಿನ ಯಾರಿಗೆ ಫೋನ್ ಮಾಡ್ತಾರೆ ಅನ್ನೋದು ಚಾರ್ಟ್‌ನಲ್ಲಿ ಇರಲ್ಲ. ಅದು ಮಾಡಿದವರಿಗೇ ಗೊತ್ತು.

ದುಡ್ಡಿನ ಲೆಕ್ಕ

ಕಲಿತರೆ ದುಡ್ಡೂ ಬರುತ್ತೆ. ಕಾಯಕಲ್ಪದಲ್ಲಿ ರಾಜ್ಯಕ್ಕೆ ಮೊದಲು ಬಂದ ಸಿಎಚ್‌ಸಿಗೆ 15 ಲಕ್ಷ ರೂ., ಶೇ. 70 ದಾಟಿದ ಉಳಿದ ಸಿಎಚ್‌ಸಿಗಳಿಗೆ 1 ಲಕ್ಷ ಸಮಾಧಾನಕರ ಬಹುಮಾನ ಅಂತ ಮಾರ್ಗಸೂಚಿಯಲ್ಲಿದೆ. ಇದರಲ್ಲಿ ಶೇ. 75 ಆಸ್ಪತ್ರೆಗೆ, ಶೇ. 25 ಸಿಬ್ಬಂದಿಗೆ. ಮುಂದಿನ ಮೆಟ್ಟಿಲು ರಾಷ್ಟ್ರೀಯ ಗುಣಮಟ್ಟ ಪ್ರಮಾಣಪತ್ರ, ಅಂದ್ರೆ ಎನ್‌ಕ್ಯೂಎಎಸ್. ಅದು ಮೂರು ವರ್ಷ ಊರ್ಜಿತ. ಅದರಲ್ಲೂ ಹಾಸಿಗೆ ಲೆಕ್ಕದಲ್ಲಿ ವರ್ಷಾವರ್ಷ ಪ್ರೋತ್ಸಾಹಧನ ಸಿಗುತ್ತೆ.

ಇನ್ನೊಂದು ದಾರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಸರ್ಕಾರಿ ಆಸ್ಪತ್ರೆ ಈ ಯೋಜನೆಯಲ್ಲಿ ಚಿಕಿತ್ಸೆ ಕೊಟ್ಟರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಆ ಆಸ್ಪತ್ರೆಯ ಸಮಿತಿಗೂ ಹಣ ಬರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ದಾಖಲೆ ಸರಿಯಾಗಿ ಅಪ್‌ಲೋಡ್ ಆಗದಿದ್ರೆ ಕ್ಲೇಮ್ ನಿಲ್ಲುತ್ತೆ. ಒಂದು ಆಸ್ಪತ್ರೆಯ ಡೇಟಾ ಎಂಟ್ರಿ ಆಪರೇಟರ್‌ಗೆ ಈ ಕೆಲಸ ನೀರು ಕುಡಿದಷ್ಟು ಸುಲಭ ಇರಬಹುದು, ಇನ್ನೊಂದು ಕಡೆ ಹೊಸಬರು ತಿಣುಕುತ್ತಿರಬಹುದು. ಎರಡು ದಿನ ಪಕ್ಕ ಕೂರಿಸಿ ಕಲಿಸಿದ್ರೆ ಆಸ್ಪತ್ರೆಗೆ ಬರಬೇಕಾದ ದುಡ್ಡು ಬರುತ್ತೆ. ಆ ದುಡ್ಡಲ್ಲಿ ಜನರೇಟರ್‌ಗೆ ಡೀಸೆಲ್ ಹಾಕಿಸಬಹುದು, ಕೆಟ್ಟ ಯಂತ್ರ ರಿಪೇರಿ ಮಾಡಿಸಬಹುದು.

ತಜ್ಞರು ಬರದಿದ್ರೆ ವಿದ್ಯೆಯನ್ನಾದರೂ ತರಿಸಬಹುದು

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಡಾ. ಸಂಜೀವ್ ಅರೋರಾ ಅನ್ನೋ ಲಿವರ್ ತಜ್ಞರ ಹತ್ತಿರ ಹೆಪಟೈಟಿಸ್ ಸಿ ರೋಗಿಗಳು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ಹಳ್ಳಿ ಕಡೆಯ ಆರೋಗ್ಯ ಕೇಂದ್ರಗಳ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೋದಲ್ಲಿ ಕೂರಿಸಿ, ಒಬ್ಬೊಬ್ಬರ ರೋಗಿಯ ಬಗ್ಗೆ ಎಲ್ಲರೂ ಚರ್ಚೆ ಮಾಡೋ ಪದ್ಧತಿ ತಂದರು. ಹೆಸರು 'ಪ್ರಾಜೆಕ್ಟ್ ಎಕೋ'. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡಾಸ್ಪತ್ರೆಯಲ್ಲಿ ಶೇ. 57.5 ರೋಗಿಗಳು ಗುಣವಾಗಿದ್ದರೆ, ಹಳ್ಳಿ ಕೇಂದ್ರಗಳು ಮತ್ತು ಜೈಲು ಆಸ್ಪತ್ರೆಗಳಲ್ಲಿ ಶೇ. 58.2 ಗುಣವಾಗಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಪದ್ಧತಿಯಲ್ಲಿ ವೈದ್ಯರಿಗೆ ತರಬೇತಿ ಕೊಡುತ್ತೆ.

ಇದು ನಮಗೆ ತೀರಾ ಹೊಸದೇನಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಕಾಯಿಲೆ ಗುರುತಿಸಿ ಮಾತ್ರೆ ಕೊಡೋದು ಕಲಿಸಿತ್ತು. ಅದು ಎಷ್ಟು ಚೆನ್ನಾಗಿ ನಡೀತು ಅಂದ್ರೆ, 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದೇ ಬಳ್ಳಾರಿ ಮಾದರಿ ಮೇಲೆ.

ನಮ್ಮ ತಾಲೂಕಲ್ಲಿ ಏನು ಮಾಡಬಹುದು?

ದೊಡ್ಡ ಯೋಜನೆ ಬೇಕಾಗಿಲ್ಲ. ತಿಂಗಳಿಗೊಂದು ಮಧ್ಯಾಹ್ನ ಸಾಕು.

- ಒಂದೊಂದು ತಿಂಗಳು ಒಂದೊಂದು ಆಸ್ಪತ್ರೆಯಲ್ಲಿ ಸೇರಬೇಕು. ಡಾಕ್ಟ್ರು ಮಾತ್ರ ಸಾಲದು. ನರ್ಸ್, ಫಾರ್ಮಸಿಸ್ಟ್, ಲ್ಯಾಬ್‌ನವರು, ಗ್ರೂಪ್ ಡಿಯವರೂ ಇರಬೇಕು.
- ಆ ತಿಂಗಳು ಬೇರೆ ಕಡೆಗೆ ಕಳಿಸಿದ ರೋಗಿಗಳ ಪಟ್ಟಿ ಇಟ್ಟುಕೊಂಡು, ಯಾರನ್ನು ಇಲ್ಲೇ ನೋಡಬಹುದಿತ್ತು ಅಂತ ಮಾತಾಡಬೇಕು. ಬೈಯೋಕೆ ಶುರು ಮಾಡಿದ್ರೆ ಮುಂದಿನ ಸಲ ಯಾರೂ ನಿಜ ಹೇಳಲ್ಲ.
- ಔಷಧಿ ಸ್ಟಾಕ್ ಹಂಚಿಕೊಳ್ಳಬೇಕು. ಒಂದು ಕಡೆ ಹಾವಿನ ವಿಷದ ಚುಚ್ಚುಮದ್ದು ಅವಧಿ ಮುಗಿಯೋಕೆ ಬಂದಿರುವಾಗ ಇನ್ನೊಂದು ಕಡೆ ಖಾಲಿ ಇರಬಾರದು.
- ವರ್ಗಾವಣೆ ಆಗೋ ವೈದ್ಯಾಧಿಕಾರಿ ಒಂದು ನೋಟ್‌ಬುಕ್ ಬಿಟ್ಟು ಹೋಗಬೇಕು. ಯಾವ ಯಂತ್ರಕ್ಕೆ ಯಾರು ಮೆಕ್ಯಾನಿಕ್, ಯಾವ ಬಿಲ್ ಎಲ್ಲಿ ನಿಂತಿದೆ ಅಂತ. ಇಲ್ಲಾಂದ್ರೆ ಪ್ರತಿ ಸಲ ಹೊಸಬರು ಸೊನ್ನೆಯಿಂದ ಶುರು ಮಾಡಬೇಕಾಗುತ್ತೆ.

ಇದೆಲ್ಲಾ ಮಾಡಿದ್ರೂ ಖಾಲಿ ಇರೋ ತಜ್ಞರ ಹುದ್ದೆ ತಾನಾಗಿ ತುಂಬಲ್ಲ. ಅದು ಸರ್ಕಾರವೇ ಮಾಡಬೇಕಾದ ಕೆಲಸ, ಅದನ್ನು ಕೇಳೋದು ನಿಲ್ಲಿಸಬಾರದು. ಆದರೆ ಹುದ್ದೆ ತುಂಬೋವರೆಗೂ ಇರೋ ಸಿಬ್ಬಂದಿಯಲ್ಲಿ ಆಗೋ ಕೆಲಸವನ್ನು ನಿಲ್ಲಿಸೋಕೆ ಕಾರಣ ಇಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು

ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರಿಗೂ ಜಾಗ ಇದೆ. ವರ್ತಕರ ಸಂಘ, ಸ್ತ್ರೀಶಕ್ತಿ ಸಂಘ, ಗ್ರಾಮ ಪಂಚಾಯಿತಿ ಸದಸ್ಯರು ಹೋಗಿ ನಾಲ್ಕು ಪ್ರಶ್ನೆ ಕೇಳಬಹುದು: ಸಮಿತಿ ಕೊನೆಯ ಸಭೆ ಯಾವಾಗ ಆಯ್ತು? ಖಾತೆಯಲ್ಲಿ ಎಷ್ಟಿದೆ, ಯಾವುದಕ್ಕೆ ಖರ್ಚಾಯ್ತು? ಕಾಯಕಲ್ಪದಲ್ಲಿ ಎಷ್ಟು ಅಂಕ ಬಂತು, ಎಲ್ಲಿ ಕಡಿಮೆ ಆಯ್ತು? ಪಕ್ಕದ ಆಸ್ಪತ್ರೆಯಿಂದ ನೋಡಿ ಏನು ಬದಲಾಯಿಸಿದ್ರಿ?

ಉತ್ತರ ಬಾಯಲ್ಲಿ ಸಿಗದಿದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಆದರೆ ಮೊದಲ ಸಲ ಜಗಳಕ್ಕೆ ಅಂತ ಹೋಗಬೇಡಿ. ಅಲ್ಲಿ ರಾತ್ರಿ ಪಾಳಿ ಮಾಡೋ ನರ್ಸ್‌ಗೂ ಆಸ್ಪತ್ರೆ ಚೆನ್ನಾಗಿರಲಿ ಅಂತಲೇ ಆಸೆ. ನಾಲ್ಕನೇ ಪ್ರಶ್ನೆಗೆ ನಿಮ್ಮ ಹೋಬಳಿಯ ಆಸ್ಪತ್ರೆಯಲ್ಲಿ ಏನು ಉತ್ತರ ಬಂತು ಅಂತ ನಮಗೂ ತಿಳಿಸಿ. ಒಳ್ಳೇದು ಕಂಡರೆ ಅದನ್ನೂ ಬರೀತೀವಿ, ಪಕ್ಕದ ಹೋಬಳಿಯವರು ಓದಿ ಕಲೀಲಿ.